ದವಡೆಯ ಚಿತ್ರ ಹೇಳುವ ಮೂತ್ರಪಿಂಡದ ಕಥೆ

ಬೀದರ ನಗರದ ನೌಬಾದ ಬಳಿ ನೆಲದಡಿಯಲ್ಲಿ ಒಂದು ನೀರಿನ ಕಾಲುವೆ ಇದೆ. ಬಹಮನಿ ಅರಸರ ಕಾಲದ್ದು. ಇರಾನ್ ದೇಶದ ಪದ್ಧತಿಯಂತೆ ತೋಡಿದ ಈ ಕಾಲುವೆಗೆ ಕರೇಜ್ ಎಂದು ಹೆಸರು. ಸುರಂಗ ಬಾವಿ ಎಂದರೂ ಜನಕ್ಕೆ ತಿಳಿಯುತ್ತದೆ. ಮೇಲೆ ನಡೆದು ಹೋಗುವವರಿಗೆ ಕಾಲುವೆ ಕಾಣುವುದಿಲ್ಲ, ಸಾಲಾಗಿ ತೋಡಿದ ಗಾಳಿಬಾವಿಗಳು ಮಾತ್ರ ಕಾಣುತ್ತವೆ. ಒಳಗೆ ನೀರು ಹರಿಯುತ್ತಿದೆಯೇ, ಹೂಳು ತುಂಬಿದೆಯೇ ಎಂದು ತಿಳಿಯಲು ಇಡೀ ಸುರಂಗವನ್ನು ಅಗೆಯಬೇಕಾಗಿಲ್ಲ. ಒಂದು ಗಾಳಿಬಾವಿಯಲ್ಲಿ ಬಗ್ಗಿ ನೋಡಿದರೆ ಸುಳಿವು ಸಿಗುತ್ತದೆ.

ಮನುಷ್ಯನ ಮೈಯಲ್ಲೂ ಇಂಥ ಗಾಳಿಬಾವಿ ಒಂದಿದೆ. ಅದು ಬಾಯಿ. ಹಲ್ಲು ನೋವೆಂದು ತೆಗೆಸಿದ ಎಕ್ಸ್-ರೇ ಚಿತ್ರದಲ್ಲಿ ಹಲ್ಲಿನ ಹುಳುಕಷ್ಟೇ ಅಲ್ಲ, ಎಲ್ಲೋ ಬೆನ್ನ ಹಿಂದೆ ಅಡಗಿ ಕೂತಿರುವ ಮೂತ್ರಪಿಂಡಗಳ ತೊಂದರೆಯ ನೆರಳೂ ಕೆಲವೊಮ್ಮೆ ಕಾಣುತ್ತದೆ. ಹೊಟ್ಟೆಯ ಹಿಂಭಾಗದ ಅಂಗಕ್ಕೆ ರೋಗ ಬಂದರೆ ದವಡೆಯಲ್ಲಿ ಗುರುತು ಹೇಗೆ ಮೂಡೀತು? ವಿಷಯ ಅಲ್ಲಿಯೇ ಇದೆ.

ಒಂದು ಊಹೆಯ ಪ್ರಸಂಗ

ಔರಾದ ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತೈದರ ಆಸುಪಾಸು. ಹೊಲದ ಕೆಲಸ, ಮನೆಗೆಲಸ ಎರಡೂ ಇವೆ. ರಕ್ತದ ಒತ್ತಡ ಇದೆಯೆಂದು ಯಾರೋ ಒಮ್ಮೆ ಹೇಳಿದ್ದರು, ಗುಳಿಗೆ ನುಂಗಿ ಎರಡು ತಿಂಗಳಿಗೆ ಬಿಟ್ಟರು. ಮೊಣಕಾಲು, ಸೊಂಟ ನೋಯುತ್ತವೆಂದು ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ವರ್ಷಗಟ್ಟಲೆ ನುಂಗಿದ್ದಾರೆ. ಈಗ ಹಲ್ಲು ಸಡಿಲವಾಗಿವೆ. ಮಗನನ್ನು ಕರೆದುಕೊಂಡು ಬಸ್ಸು ಹಿಡಿದು, ಸುಮಾರು 40 ಕಿಲೋಮೀಟರ್ ದೂರದ ಬೀದರಿಗೆ ಬರುತ್ತಾರೆ.

"ಹಲ್ಲು ಅಲ್ಲಾಡ್ಲಾಕತ್ತಾವ್ರಿ ಸಾಹೇಬ್ರ, ಕಿತ್ತೇ ಬಿಡ್ರಿ" ಎನ್ನುತ್ತಾರೆ.

ದಂತವೈದ್ಯರು ಕೀಳುವ ಮೊದಲು ದವಡೆಯ ಪೂರ್ತಿ ಎಕ್ಸ್-ರೇ ತೆಗೆಸುತ್ತಾರೆ. ಚಿತ್ರ ನೋಡಿದವರು ಹಲ್ಲಿನ ಮಾತು ಬಿಟ್ಟು ಬೇರೆಯೇ ಪ್ರಶ್ನೆ ಕೇಳತೊಡಗುತ್ತಾರೆ. "ಬಿ.ಪಿ. ಐತೇನು? ಸಕ್ಕರೆ ಕಾಯಿಲೆ? ಮುಖ, ಕಾಲು ಬಾತಿದ್ದವೇನು? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಿ?" ಮಗನಿಗೆ ಆಶ್ಚರ್ಯ. ಹಲ್ಲಿಗೂ ಮೂತ್ರಕ್ಕೂ ಏನು ಸಂಬಂಧ?

ಹುಡುಗನ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ತಿಳಿಯಲು ಮೂತ್ರಪಿಂಡದ ಕೆಲಸವನ್ನು ಸ್ವಲ್ಪ ನೋಡಬೇಕು.

ಸೋಸುವುದಷ್ಟೇ ಅಲ್ಲ

ಮೂತ್ರಪಿಂಡಗಳೆಂದರೆ ರಕ್ತ ಸೋಸುವ ಜರಡಿಗಳು ಎಂದು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. 15 ಲೀಟರಿನ ಕೊಡದ ಲೆಕ್ಕದಲ್ಲಿ 12 ಕೊಡ! ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬೀಳುತ್ತದೆ, ಉಳಿದದ್ದು ಮರಳಿ ರಕ್ತಕ್ಕೆ ಸೇರುತ್ತದೆ.

ಆದರೆ ಮೂತ್ರಪಿಂಡಕ್ಕೆ ಇನ್ನೂ ಕೆಲವು ಕೆಲಸಗಳಿವೆ. ಅವುಗಳಲ್ಲಿ ಎರಡು ಮೂಳೆಗೆ ಸಂಬಂಧಪಟ್ಟವು.

ಮೊದಲನೆಯದು, ಊಟದಿಂದ ಬಂದ ಹೆಚ್ಚುವರಿ ರಂಜಕವನ್ನು ಹೊರಹಾಕುವುದು. ಬೇಳೆ, ಹಾಲು, ಮಾಂಸ, ಕಾಳುಕಡಿ ಎಲ್ಲದರಲ್ಲೂ ರಂಜಕ ಇದೆ. ದೇಹಕ್ಕೆ ಅದು ಬೇಕು. ಆದರೆ ಮಿತಿ ಮೀರಬಾರದು.

ಎರಡನೆಯದು, ಡಿ ಜೀವಸತ್ವಕ್ಕೆ ಕೊನೆಯ ರೂಪ ಕೊಡುವುದು. ಬಿಸಿಲಿನಲ್ಲಿ ಚರ್ಮದಡಿ ತಯಾರಾಗುವ ಡಿ ಜೀವಸತ್ವ ಹಾಗೇ ಕೆಲಸಕ್ಕೆ ಬರುವುದಿಲ್ಲ. ಅದು ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಹದಗೊಳ್ಳಬೇಕು. ಈ ಕೊನೆಯ ಹದ ಮೂತ್ರಪಿಂಡದಲ್ಲೇ ಆಗುತ್ತದೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೇಸರ್ ಮತ್ತು ಕೊಡಿಸೆಕ್ ಎಂಬ ವಿಜ್ಞಾನಿಗಳು 1970ರಲ್ಲಿ ತೋರಿಸಿದರು. ಹೀಗೆ ಹದಗೊಂಡ ಡಿ ಜೀವಸತ್ವ ಇದ್ದರೆ ಮಾತ್ರ ಕರುಳು ಆಹಾರದಲ್ಲಿನ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೀದರ ಸೀಮೆಯಲ್ಲಿ ಬಿಸಿಲಿಗೇನು ಬರ ಇಲ್ಲ. ಆದರೆ ಮೂತ್ರಪಿಂಡ ಸೋತವರಿಗೆ ಎಷ್ಟು ಬಿಸಿಲು ಬಿದ್ದರೂ ಅದರ ಪೂರ್ತಿ ಫಲ ಸಿಗುವುದಿಲ್ಲ.

ಹಗೇವಿಗೆ ಕೈ ಹಾಕುವ ಗ್ರಂಥಿಗಳು

ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ದಿನದ ಖರ್ಚಿಗೆ ಮನೆಯೊಳಗಿನ ಚೀಲ. ಅದು ಬರಿದಾದಾಗ ಹಗೇವು. ದೇಹದ ಕ್ಯಾಲ್ಸಿಯಂ ವ್ಯವಹಾರವೂ ಹೀಗೆಯೇ. ವಯಸ್ಕರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದ್ದು, ಅದರ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ಅತ್ಯಲ್ಪ: 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಆದರೆ ಹೃದಯ ಬಡಿಯಲು, ಸ್ನಾಯು ಕುಗ್ಗಲು, ನರ ಕೆಲಸ ಮಾಡಲು ಈ ಅಲ್ಪ ಭಾಗವೇ ಬೇಕು. ಅದು ಕಡಿಮೆಯಾಗಲು ದೇಹ ಬಿಡುವುದಿಲ್ಲ.

ಈ ಕಾವಲು ಕೆಲಸ ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿರುವ ನಾಲ್ಕು ಪುಟ್ಟ ಗ್ರಂಥಿಗಳದು. ಇವುಗಳಿಗೆ ಪ್ಯಾರಾಥೈರಾಯ್ಡ್ ಗ್ರಂಥಿಗಳೆಂದು ಹೆಸರು. ಗಾತ್ರ ಅಕ್ಕಿ ಕಾಳಿನಷ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಕೂಡಲೇ ಇವು ಒಂದು ಹಾರ್ಮೋನನ್ನು ಸುರಿಸುತ್ತವೆ. ಆ ಹಾರ್ಮೋನು ಮೂಳೆಯ ಹಗೇವನ್ನು ತೆರೆದು ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ತಂದು ಸುರಿಯುತ್ತದೆ.

ಮೂತ್ರಪಿಂಡ ದೀರ್ಘಕಾಲದಿಂದ ಕೆಟ್ಟಿದೆ ಎನ್ನಿ. ರಂಜಕ ಹೊರಹೋಗದೆ ರಕ್ತದಲ್ಲಿ ಕೂಡುತ್ತದೆ. ಡಿ ಜೀವಸತ್ವ ಹದವಾಗದೆ ಕರುಳಿನಿಂದ ಕ್ಯಾಲ್ಸಿಯಂ ಸರಿಯಾಗಿ ಬರುವುದಿಲ್ಲ. ಎರಡೂ ಕಾರಣಗಳಿಂದ ಆ ನಾಲ್ಕು ಗ್ರಂಥಿಗಳು ಹಗಲಿರುಳು ಹಾರ್ಮೋನು ಸುರಿಸತೊಡಗುತ್ತವೆ. ದುಡಿದು ದುಡಿದು ಊದಿಕೊಳ್ಳುತ್ತವೆ. ಮೂಳೆ ದಿನವೂ ಸವೆಯುತ್ತದೆ. ಇತ್ತ ರಕ್ತ ಪರೀಕ್ಷೆ ಮಾಡಿದರೆ ಕ್ಯಾಲ್ಸಿಯಂ ಸರಿಯಾಗಿಯೇ ಇದೆ ಎಂದು ಬರಬಹುದು. ಮನೆಯ ಚೀಲ ತುಂಬಿದೆ, ಹಗೇವು ಬರಿದಾಗುತ್ತಿದೆ! ಮೂತ್ರಪಿಂಡದ ರೋಗದಿಂದ ಖನಿಜ ಮತ್ತು ಮೂಳೆಗಳಲ್ಲಾಗುವ ಈ ಏರುಪೇರಿಗೆಲ್ಲ ಸೇರಿಸಿ ಒಂದೇ ಹೆಸರಿರಲಿ ಎಂದು ಜಗತ್ತಿನ ತಜ್ಞರು 2006ರಲ್ಲಿ ಒಪ್ಪಿಕೊಂಡರು.

ದವಡೆಯಲ್ಲಿ ಕಾಣುವುದೇನು?

ಮೂಳೆ ಮೈತುಂಬ ಇದೆ. ದವಡೆಯೇ ಏಕೆ? ಒಂದು ಕಾರಣ, ಹಲ್ಲು ಕೂತಿರುವ ಮೂಳೆ ಅಗಿಯುವ ಒತ್ತಡಕ್ಕೆ ಸದಾ ಸಿಕ್ಕು ಬೇಗಬೇಗ ಕರಗಿ ಮರುಕಟ್ಟಿಕೊಳ್ಳುವ ಮೂಳೆ. ಇನ್ನೊಂದು ಕಾರಣ ತೀರ ವ್ಯಾವಹಾರಿಕವಾದದ್ದು: ಜನ ಬೇರೆ ಯಾವುದಕ್ಕೂ ಎಕ್ಸ್-ರೇ ತೆಗೆಸದಿದ್ದರೂ ಹಲ್ಲು ನೋವಿಗೆ ತೆಗೆಸುತ್ತಾರೆ.

ಚಿತ್ರದಲ್ಲಿ ವೈದ್ಯರು ಮುಖ್ಯವಾಗಿ ಮೂರು ಕಡೆ ಕಣ್ಣು ಹಾಯಿಸುತ್ತಾರೆ.

ಒಂದು, ಹಲ್ಲಿನ ಬೇರಿನ ಸುತ್ತಲಿನ ಬಿಳಿ ಗೆರೆ. ಪ್ರತಿ ಹಲ್ಲೂ ದವಡೆಯ ಒಂದು ಕುಳಿಯಲ್ಲಿ ಕೂತಿರುತ್ತದೆ. ಕುಳಿಯ ಒಳಗೋಡೆ ಗಟ್ಟಿ ಮೂಳೆಯದು. ಎಕ್ಸ್-ರೇಯಲ್ಲಿ ಅದು ಬೇರಿನ ಸುತ್ತ ಸೀಸದ ಕಡ್ಡಿಯಿಂದ ಎಳೆದಂಥ ಸಣ್ಣ ಬಿಳಿ ಗೆರೆಯಾಗಿ ಕಾಣುತ್ತದೆ. ಇದಕ್ಕೆ ಲ್ಯಾಮಿನಾ ಡ್ಯೂರಾ ಎಂದು ಹೆಸರು. ಆ ಹಾರ್ಮೋನಿನ ಹಾವಳಿ ಹೆಚ್ಚಿದವರಲ್ಲಿ ಈ ಗೆರೆ ಮಸುಕಾಗುತ್ತದೆ, ಕೆಲವರಲ್ಲಿ ಅಳಿಸಿಯೇ ಹೋಗುತ್ತದೆ.

ಎರಡು, ಮೂಳೆಯ ಒಳಗಿನ ಜಾಲ. ಆರೋಗ್ಯವಂತರ ದವಡೆಯೊಳಗೆ ಸಣ್ಣ ಸಣ್ಣ ಎಳೆಗಳ ಬಲೆ ಸ್ಪಷ್ಟವಾಗಿ ಕಾಣುತ್ತದೆ. ರೋಗ ಬಲಿತಾಗ ಬಲೆ ಕಲಸಿಹೋಗಿ, ಉಜ್ಜಿದ ಗಾಜಿನ ಮೂಲಕ ನೋಡಿದಂತೆ ಮಬ್ಬಾಗುತ್ತದೆ.

ಮೂರು, ಕೆಳದವಡೆಯ ಅಡಿಯ ಅಂಚು. ಅಲ್ಲಿ ಗಟ್ಟಿ ಮೂಳೆಯ ಒಂದು ದಪ್ಪ ಪಟ್ಟಿ ಇರುತ್ತದೆ. ಗಲ್ಲದ ಪಕ್ಕದಲ್ಲಿ ನರ ಹೊರಬರುವ ರಂಧ್ರದ ಕೆಳಗೆ ಈ ಪಟ್ಟಿಯ ದಪ್ಪ ಅಳೆಯುತ್ತಾರೆ. ಮುಟ್ಟು ನಿಂತ ಮಹಿಳೆಯರಲ್ಲಿ ಅದು 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮೂಳೆಯ ಬೇರೆ ಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ಸಂಶೋಧಕರು ಸೂಚಿಸಿದ್ದಾರೆ. ಪಟ್ಟಿಯ ಒಳ ಅಂಚು ನಯವಾಗಿದೆಯೇ, ಅಲ್ಲಲ್ಲಿ ಕೊರೆದಂತಿದೆಯೇ, ಪೂರಾ ತೂತುತೂತಾಗಿದೆಯೇ ಎಂದು ಮೂರು ದರ್ಜೆ ಮಾಡುವ ಕ್ರಮವನ್ನು ಫಿನ್ಲೆಂಡಿನ ಕ್ಲೆಮೆಟ್ಟಿ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದರು. ಮೂಲತಃ ವಯಸ್ಸಾದ ಹೆಂಗಸರ ಮೂಳೆಸವೆತಕ್ಕಾಗಿ ಹುಟ್ಟಿದ ಈ ಅಳತೆಗಳನ್ನು ಮೂತ್ರಪಿಂಡದ ರೋಗಿಗಳಲ್ಲೂ ಬಳಸಿ ನೋಡಿದ್ದಾರೆ.

ಇಲ್ಲೊಂದು ಸ್ವಾರಸ್ಯ. ದೇಹಕ್ಕೆ ಕ್ಯಾಲ್ಸಿಯಂ ಬೇಕಾದಾಗ ಹಲ್ಲಿನದೂ ಕರಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಬೆಳೆದು ನಿಂತ ಹಲ್ಲಿನಿಂದ ದೇಹ ಹೀಗೆ ಸಾಲ ಪಡೆಯುವುದಿಲ್ಲ, ಮೂಳೆಯಿಂದ ಮಾತ್ರ ಪಡೆಯುತ್ತದೆ. ಆದ್ದರಿಂದ ರೋಗ ಬಲಿತವರ ಚಿತ್ರದಲ್ಲಿ ಸುತ್ತಲ ಮೂಳೆ ಮಾಸಿದ್ದರೂ ಹಲ್ಲುಗಳು ಮಾತ್ರ ಬೆಳ್ಳಗೆ ಎದ್ದು ಕಾಣುತ್ತವೆ.

ಆದರೆ ಹಲ್ಲು ಇನ್ನೂ ಬೆಳೆಯುತ್ತಿರುವ ಮಕ್ಕಳ ಮಾತು ಬೇರೆ. ಎಳವೆಯಲ್ಲೇ ಮೂತ್ರಪಿಂಡ ಕೆಟ್ಟರೆ ಹಲ್ಲು ತಡವಾಗಿ ಹುಟ್ಟಬಹುದು. ಎನಾಮೆಲ್ ಸರಿಯಾಗಿ ಕಟ್ಟದೆ ಕುಳಿ ಬೀಳಬಹುದು, ಬಣ್ಣಗೆಡಬಹುದು. ಹಾಗೆಂದು ಬಣ್ಣಗೆಟ್ಟ ಹಲ್ಲೆಲ್ಲ ಮೂತ್ರಪಿಂಡದ ರೋಗವಲ್ಲ. ಕುಡಿಯುವ ನೀರಿನ ಫ್ಲೋರೈಡೂ ಹಲ್ಲಿನ ಬಣ್ಣ ಕೆಡಿಸುತ್ತದೆ. ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿಲ್ಲ, ಮುಖ ಬಾಯುತ್ತದೆ, ಜೊತೆಗೆ ಹಲ್ಲೂ ಹೀಗಿವೆ ಎಂದರೆ ತಂದೆತಾಯಿ ಮಕ್ಕಳ ವೈದ್ಯರಿಗೆ ತೋರಿಸುವುದು ಲೇಸು.

ಯಂತ್ರದ ಕಥೆ

ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಅದೇ ದೇಶದ ದಂತವೈದ್ಯ ಓಟೊ ವಾಕ್‌ಹಾಫ್ ತನ್ನ ಹಲ್ಲುಗಳದೇ ಚಿತ್ರ ತೆಗೆಸಿಕೊಂಡ. ಅದಕ್ಕಾಗಿ 25 ನಿಮಿಷ ಅಲ್ಲಾಡದೆ ಮಲಗಿದ್ದನಂತೆ! ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ಹಾಸಿದಂತೆ ತೋರಿಸುವ ಯಂತ್ರ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1950ರ ಆಸುಪಾಸಿನಲ್ಲಿ ಅದನ್ನು ರೂಪಿಸಿದವನು ಫಿನ್ಲೆಂಡಿನ ಪಾಟೆರೊ. ಈ ಚಿತ್ರವನ್ನು ಈಗ ಎಲ್ಲರೂ ಓ.ಪಿ.ಜಿ. ಎಂದೇ ಕರೆಯುತ್ತಾರೆ. ರೋಗಿ ನಿಂತಿರುತ್ತಾರೆ, ಯಂತ್ರದ ತೋಳು ತಲೆಯ ಸುತ್ತ ಒಂದು ಅರೆಸುತ್ತು ಹಾಕುತ್ತದೆ. ಕೆಲವು ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ.

ವಿಕಿರಣದ ಭಯವೇ? ಲೆಕ್ಕ ಹಾಕಿ ನೋಡಿ. ನೆಲ, ಗಾಳಿ, ಆಕಾಶಗಳಿಂದ ಸಹಜವಾಗಿಯೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ, ಅಂದರೆ ದಿನಕ್ಕೆ ಸುಮಾರು 6.6 ಮೈಕ್ರೊಸೀವರ್ಟ್. ಒಂದು ಓ.ಪಿ.ಜಿ.ಯಿಂದ ತಗಲುವುದು ಸುಮಾರು 20 ಮೈಕ್ರೊಸೀವರ್ಟ್. ಅಂದರೆ ಮೂರು ದಿನ ಸುಮ್ಮನೆ ಬದುಕಿದಷ್ಟು. ಹಾಗೆಂದು ಬೇಡವಾದದ್ದಕ್ಕೆಲ್ಲ ತೆಗೆಸಬಾರದು. ಗರ್ಭಿಣಿಯರು ಮೊದಲೇ ವೈದ್ಯರಿಗೆ ಹೇಳಬೇಕು.

ಸುಳಿವೇ ಹೊರತು ತೀರ್ಪಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಲ್ಲಿನ ಎಕ್ಸ್-ರೇ ನೋಡಿ ಮೂತ್ರಪಿಂಡದ ರೋಗವನ್ನು ಯಾರೂ ನಿರ್ಧರಿಸುವುದಿಲ್ಲ, ನಿರ್ಧರಿಸಲೂಬಾರದು. ಬರಿಗಣ್ಣಿಗೆ ಎಕ್ಸ್-ರೇಯಲ್ಲಿ ವ್ಯತ್ಯಾಸ ಕಾಣಬೇಕಾದರೆ ಮೂಳೆಯ ಖನಿಜ ಶೇಕಡಾ 30ರಿಂದ 40ರಷ್ಟಾದರೂ ಹೋಗಿರಬೇಕು. ಅಷ್ಟರಲ್ಲಿ ರೋಗ ಬಹಳ ಮುಂದುವರಿದಿರುತ್ತದೆ. ಬಿಳಿ ಗೆರೆ ಎಲ್ಲ ರೋಗಿಗಳಲ್ಲೂ ಅಳಿಸುವುದಿಲ್ಲ. ಬೇರೆ ಮೂಳೆರೋಗಗಳಲ್ಲೂ ಅಳಿಸುತ್ತದೆ. ಹಲ್ಲು ಅಲ್ಲಾಡಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ವಸಡಿನ ರೋಗವೇ. ಚಿತ್ರ ಚೊಕ್ಕಟವಾಗಿದೆ ಎಂದ ಮಾತ್ರಕ್ಕೆ ಮೂತ್ರಪಿಂಡವೂ ಚೊಕ್ಕಟ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಮೂಳೆಯ ಸಾಂದ್ರತೆ ಅಳೆಯಲು ಡೆಕ್ಸಾ ಎಂಬ ಪರೀಕ್ಷೆ ಇದೆ. ಮೂತ್ರಪಿಂಡದ ರೋಗಿಯ ಮೂಳೆಯಲ್ಲಿ ನಿಜಕ್ಕೂ ಏನಾಗಿದೆಯೆಂದು ಖಚಿತವಾಗಿ ತಿಳಿಯಲು ಸೊಂಟದ ಮೂಳೆಯ ಚೂರು ತೆಗೆದು ಪರೀಕ್ಷಿಸಬೇಕು. ಇವೆರಡೂ ಎಲ್ಲ ಊರುಗಳಲ್ಲಿ ಸಿಗುವಂಥವಲ್ಲ. ಹಲ್ಲಿನ ಎಕ್ಸ್-ರೇಯ ಬೆಲೆ ಇರುವುದು ಇಲ್ಲಿಯೇ. ಅದು ಹತ್ತಿರದಲ್ಲಿ ಸಿಗುತ್ತದೆ, ಖರ್ಚು ಕಡಿಮೆ, ಅನೇಕ ವೇಳೆ ಬೇರೆ ಕಾರಣಕ್ಕೆ ಈಗಾಗಲೇ ತೆಗೆಸಿಯೂ ಆಗಿರುತ್ತದೆ. ರೋಗ ಇದೆಯೆಂದು ಗೊತ್ತಿರುವವರಲ್ಲಿ ಮೂಳೆಯ ಗತಿಯನ್ನು ಗಮನಿಸಲು, ಗೊತ್ತಿಲ್ಲದವರಲ್ಲಿ ಅಪರೂಪಕ್ಕೊಮ್ಮೆ ಅನುಮಾನ ಹುಟ್ಟಿಸಲು ಅದು ನೆರವಾಗುತ್ತದೆ.

ಅನುಮಾನ ಬಂದರೆ ಮುಂದಿನ ದಾರಿ ಸರಳ. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ನೋಡಿಸಬೇಕು. ಇದಕ್ಕೆ ದೊಡ್ಡ ಊರಿಗೇ ಓಡಬೇಕಿಲ್ಲ. ಭಾಲ್ಕಿ, ಔರಾದದಂಥ ತಾಲ್ಲೂಕು ಊರುಗಳಲ್ಲೂ ರಕ್ತ, ಮೂತ್ರದ ಪರೀಕ್ಷೆ ನಡೆಯುತ್ತದೆ. ಬೀದರಿನಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಬ್ರಿಮ್ಸ್, ಇದೆ. ನೌಬಾದದಲ್ಲಿ ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜಿದೆ. ಹಲ್ಲಿನವರು ಹಲ್ಲನ್ನು, ಹೊಟ್ಟೆಯವರು ಹೊಟ್ಟೆಯನ್ನು ಮಾತ್ರ ನೋಡದೆ ಒಬ್ಬರಿಗೊಬ್ಬರು ಚೀಟಿ ಬರೆದು ಕಳಿಸಿದರೆ ಲಾಭ ರೋಗಿಗೆ.

ಮನೆಯವರು ನೆನಪಿಡಬೇಕಾದದ್ದು

ಮೂತ್ರಪಿಂಡದ ರೋಗ ಮೊದಲಲ್ಲಿ ನೋಯುವುದಿಲ್ಲ, ಅದೇ ಅದರ ಕುತಂತ್ರ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇವೆರಡೇ ಅದರ ಮುಖ್ಯ ಕಾರಣಗಳು. ಇವು ಇದ್ದವರು ವರ್ಷಕ್ಕೊಮ್ಮೆಯಾದರೂ ಮೇಲಿನ ಎರಡು ಪರೀಕ್ಷೆ ಮಾಡಿಸಬೇಕು. ಒತ್ತಡದ ಗುಳಿಗೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು.

ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ದಿನವೂ ನುಂಗುವ ರೂಢಿ ಬಿಡಬೇಕು. ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಮುಂತಾದವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಮೂಳೆ ಸವೆದು ನೋವು, ನೋವಿಗೆ ಗುಳಿಗೆ, ಗುಳಿಗೆಯಿಂದ ಮೂತ್ರಪಿಂಡ ಇನ್ನಷ್ಟು ಹಾಳು. ಈ ಸುಳಿಯಲ್ಲಿ ಸಿಕ್ಕವರು ಕಡಿಮೆಯಿಲ್ಲ.

ಮೂಳೆ ಸವೆದಿದೆ ಎಂದು ಕೇಳಿದ ಕೂಡಲೇ ಕ್ಯಾಲ್ಸಿಯಂ ಗುಳಿಗೆ ತಂದು ನುಂಗುವುದೂ ತಪ್ಪು. ಮೂತ್ರಪಿಂಡ ಕೆಟ್ಟಾಗ ಹೆಚ್ಚಿನ ಕ್ಯಾಲ್ಸಿಯಂ ಮೂಳೆಗೆ ಹೋಗದೆ ರಕ್ತನಾಳಗಳ ಗೋಡೆಯಲ್ಲಿ ಕೂರಬಹುದು. ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು.

ಡಯಾಲಿಸಿಸ್ ಸೌಲಭ್ಯಕ್ಕಾಗಿ ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಪ್ರಕಟಿಸಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹಲ್ಲು ಕೀಳಿಸುವ ಮೊದಲು ಅದನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಬೇಕು. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುತ್ತಾರೆ. ಅದೇ ದಿನ ಹಲ್ಲು ಕಿತ್ತರೆ ರಕ್ತ ನಿಲ್ಲದು. ಸಾಮಾನ್ಯವಾಗಿ ಮರುದಿನ ಕೀಳುತ್ತಾರೆ.

ಇನ್ನು ಆ ಔರಾದದ ಹೆಣ್ಣುಮಗಳು. ಆ ದಿನ ಅವರ ಹಲ್ಲು ಕೀಳಲಿಲ್ಲ ಎನ್ನಿ. ಕೈಯಲ್ಲಿ ಒಂದು ಚೀಟಿ ಕೊಟ್ಟು ರಕ್ತ ಪರೀಕ್ಷೆಗೆ ಕಳಿಸಿದರು. "ಹಲ್ಲು ಕೀಳಸ್ಲಾಕ ಬಂದ್ರ ರಕ್ತ ಕೊಡು ಅಂತಾರ" ಎಂದು ಅವರು ಗೊಣಗಬಹುದು. ಆ ಚೀಟಿಯನ್ನು ಜೇಬಿನಲ್ಲಿ ಮರೆಯದೆ, ಊರಿನ ಬಸ್ಸು ಹತ್ತುವ ಮೊದಲೇ ಪರೀಕ್ಷೆ ಮಾಡಿಸುವ ಕೆಲಸ ಜೊತೆಗೆ ಬಂದ ಮಗನದು. ಶಾಲೆಯಲ್ಲಿ ನೆಫ್ರಾನಿನ ಚಿತ್ರ ಬರೆದು ಅಂಕ ಪಡೆದ ವಿದ್ಯೆ ಮನೆಯವರ ಉಪಯೋಗಕ್ಕೆ ಬರುವ ಸಂದರ್ಭ ಅದು.

ಮಾಡಿ ನೋಡಿ

ಕೋಳಿಯ ಕಾಲಿನ ಮೂಳೆಯೊಂದನ್ನು ಚೆನ್ನಾಗಿ ತೊಳೆದು ಗಾಜಿನ ಬಾಟಲಿಯಲ್ಲಿಡಿ. ಮುಳುಗುವಷ್ಟು ವಿನೆಗರ್ ಹಾಕಿ ಮುಚ್ಚಳವನ್ನು ಸಡಿಲವಾಗಿ ಮುಚ್ಚಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ವಾರದ ನಂತರ ಹೊರತೆಗೆದು ಬಗ್ಗಿಸಿ ನೋಡಿ, ರಬ್ಬರಿನಂತೆ ಬಾಗುತ್ತದೆ. ಆಮ್ಲ ಕ್ಯಾಲ್ಸಿಯಂ ಲವಣಗಳನ್ನು ಕರಗಿಸಿತು, ಉಳಿದದ್ದು ಪ್ರೋಟೀನಿನ ಹಂದರ. ದೇಹದೊಳಗೆ ಮೂಳೆ ಕರಗಿಸುವ ಜೀವಕೋಶಗಳೂ ಆಮ್ಲವನ್ನೇ ಸ್ರವಿಸುತ್ತವೆ. ಆದರೆ ಅವು ಹಂದರವನ್ನೂ ಬಿಡುವುದಿಲ್ಲ. ಮನೆಯಲ್ಲಿ ಮೂಳೆ ತರಲು ಹಿರಿಯರು ಒಪ್ಪದಿದ್ದರೆ ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರು ಮಾಡಬಹುದು.

ಮನೆಯಲ್ಲಿ ಯಾರದಾದರೂ ಹಳೆಯ ಹಲ್ಲಿನ ಎಕ್ಸ್-ರೇ ಫಿಲಂ ಇದ್ದರೆ ಕಿಟಕಿಯ ಬೆಳಕಿಗೆ ಹಿಡಿದು, ಬೇರಿನ ಸುತ್ತ ಆ ಸಣ್ಣ ಬಿಳಿ ಗೆರೆ ಹುಡುಕಿ. ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಗಾಬರಿ ಬೇಡ, ಫಿಲಂ ಮಾಸಿರಬಹುದು. ರೋಗ ಇದೆಯೋ ಇಲ್ಲವೋ ಎಂದು ಹೇಳುವ ಕೆಲಸವನ್ನು ಮಾತ್ರ ವೈದ್ಯರಿಗೇ ಬಿಡಿ.